ಆಫ್ ಮಾಡಿದ ಮೇಲೆ ಉಳಿಯುವ ಚಾರ್ಜು: ಕಲ್ಲಡ್ಕ ಪರಿಸರದ ಪಂಪ್ ಶೆಡ್ಡುಗಳನ್ನು ಕುರಿತು

ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕದ ಆಸುಪಾಸಿನ ಅಡಿಕೆ ತೋಟಗಳಿಗೆ ಬೇಸಗೆಯುದ್ದಕ್ಕೂ, ಮಳೆ ಹಿಡಿಯುವ ತನಕ, ನೀರು ಬಿಡಲೇಬೇಕು. ಮೂರು ಫೇಸಿನಲ್ಲಿ ಒಂದು ಹೋದರೂ ಪಂಪು ಏಳುವುದಿಲ್ಲ. ಇಂಥ ಹೊತ್ತಿಗೆ ಕರ್ನಾಟಕದ ಕೃಷಿಕರು ಬಹುಕಾಲದಿಂದ ಕಂಡುಕೊಂಡ ಉಪಾಯವೆಂದರೆ ‘ಕಂಡೆನ್ಸರ್ ಹಾಕುವುದು’, ಅಂದರೆ ಉಳಿದ ಎರಡು ಫೇಸಿನಲ್ಲೇ ಮೋಟರು ತಿರುಗುವಂತೆ ಕೆಪಾಸಿಟರ್ ಜೋಡಿಸುವುದು. ಇದಕ್ಕೆ ಸಿದ್ಧ ಪ್ಯಾನೆಲ್‌ಗಳೂ ಸಿಗುತ್ತವೆ. ಮರದ ಹಲಗೆಗೆ ಡಬ್ಬಿಗಳನ್ನು ಬಿಗಿದು, ಪುಶ್ ಬಟನ್ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳುವ ಜೋಡಣೆಯಷ್ಟೇ ಇಲ್ಲಿನ ವಿಷಯ. ಹರಿಯುವ ಕರೆಂಟಿಗೆಂದು ನಾವು ರೂಢಿಸಿಕೊಂಡ ಯಾವ ಎಚ್ಚರಿಕೆಯೂ ಕರೆಂಟು ತೆಗೆದ ಮೇಲೆ ಡಬ್ಬಿಯಲ್ಲಿ ನಿಂತ ಚಾರ್ಜಿಗೆ ಒದಗುವುದಿಲ್ಲ ಎಂಬುದು ನನ್ನ ವಾದ.

ಸತತವಾಗಿ ಮೋಟರಿಗೆ ಸೇರಿಕೊಂಡೇ ಇರುವ ರನ್ನಿಂಗ್ ಕೆಪಾಸಿಟರ್ ಮೇನ್ ತೆಗೆದೊಡನೆ ವೈಂಡಿಂಗ್ ಮೂಲಕವೇ ಖಾಲಿಯಾಗುತ್ತದೆ, ತಂತಿ ಕಡಿದಿರದಿದ್ದರೆ. ಸ್ಟಾರ್ಟಿಂಗ್ ಕೆಪಾಸಿಟರ್‌ನ ಸ್ಥಿತಿ ಬೇರೆ. ಬಟನ್ ಒತ್ತಿದಷ್ಟು ಹೊತ್ತು ಮಾತ್ರ ಅದು ಸರ್ಕ್ಯೂಟಿನಲ್ಲಿರುತ್ತದೆ. ಬೆರಳು ತೆಗೆದಾಗ ಒಂಟಿಯಾಗುತ್ತದೆ. ಸ್ವಿಚ್ಚಿನ ಕಿಡಿ ಆರುವುದು ಕರೆಂಟು ಸೊನ್ನೆಗೆ ಬಂದ ಗಳಿಗೆಯಲ್ಲಿ. ಕೆಪಾಸಿಟರ್‌ನಲ್ಲಿ ಕರೆಂಟು ಸೊನ್ನೆಯಿದ್ದಾಗ ವೋಲ್ಟೇಜ್ ಗರಿಷ್ಠದಲ್ಲಿರುತ್ತದೆ. ಹಾಗಾಗಿ ತುಂಬಿದ ಡಬ್ಬಿ ಉಳಿಯುವುದು ಅಪರೂಪದ ದುರದೃಷ್ಟವಲ್ಲ, ಅದೇ ಸಹಜ ಸ್ಥಿತಿ.

ಎರಡು ಫೇಸುಗಳ ನಡುವಿನ 415 ವೋಲ್ಟಿಗೆ ಗರಿಷ್ಠ ಮೌಲ್ಯ ಸುಮಾರು 587 ವೋಲ್ಟ್. 100 ಮೈಕ್ರೋಫ್ಯಾರಡ್ ಡಬ್ಬಿಯಲ್ಲಿ ಅಷ್ಟು ವೋಲ್ಟೇಜ್ ನಿಂತರೆ ಶಕ್ತಿ 17 ಜೂಲ್. ಕಾಡುಪ್ರಾಣಿ ತಡೆಯಲು ಹಾಕುವ ಸೋಲಾರ್ ಬೇಲಿಯ ಯಂತ್ರಕ್ಕೆ ಅಂತಾರಾಷ್ಟ್ರೀಯ ಮಾನದಂಡ ಒಂದು ಮಿಡಿತಕ್ಕೆ ಕೊಟ್ಟಿರುವ ಮಿತಿ 5 ಜೂಲ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒದ್ದೆ ಕೈಗಳ ನಡುವಿನ ದೇಹದ ರೋಧ ಸಾವಿರ ಓಮ್ ಎಂದುಕೊಂಡರೆ ಮೊದಲ ಕ್ಷಣದಲ್ಲಿ ಎದೆಯ ಮೂಲಕ ಅರ್ಧ ಆಂಪಿಯರಿಗೂ ಹೆಚ್ಚು ಹರಿಯುತ್ತದೆ.

ಇಲ್ಲಿ ಟೆಸ್ಟರ್ ನಂಬುವವರಿಗೇ ಅಪಾಯ ಹೆಚ್ಚು. ಟೆಸ್ಟರಿನ ನಿಯಾನ್ ದೀಪ ಹೊತ್ತುವುದು ಕರೆಂಟು ನಮ್ಮ ಮೈಯಿಂದ ನೆಲಕ್ಕೆ ದಾರಿ ಕಂಡಾಗ. ಎರಡೂ ತುದಿ ಕಳಚಿಕೊಂಡ ಕೆಪಾಸಿಟರ್‌ಗೆ ನೆಲದ ಸಂಬಂಧವೇ ಇಲ್ಲ. ಒಂದೊಂದೇ ತುದಿ ಮುಟ್ಟಿಸಿದರೆ ದೀಪ ಹೊತ್ತದು. ರಬ್ಬರ್ ಚಪ್ಪಲಿಯೂ ಇದೇ ಕಾರಣಕ್ಕೆ ನಿಷ್ಪ್ರಯೋಜಕ, ಏಕೆಂದರೆ ಆಘಾತ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತದೆ. ಫ್ಯೂಸ್ ಕಿತ್ತು, ಟೆಸ್ಟರ್ ಹಿಡಿದು ನೋಡಿ, ಚಪ್ಪಲಿ ಮೆಟ್ಟಿಕೊಂಡು ನಿಂತವರು ತಿಳಿದದ್ದನ್ನೆಲ್ಲ ಸರಿಯಾಗಿಯೇ ಮಾಡಿರುತ್ತಾರೆ. ಇಂಥವರಿಗೆ ಶಾಕ್ ಹೊಡೆದಾಗ ಅಜಾಗರೂಕತೆ ಎಂದು ಷರಾ ಬರೆಯುವುದು ಅನ್ಯಾಯ.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಚಟ್’ ಎನ್ನಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕ್ಷಣಮಾತ್ರ ಭಾರೀ ಕರೆಂಟು ಹರಿದು ಲೋಹ ಕರಗಿ ಕಣ್ಣಿಗೆ ಸಿಡಿಯಬಹುದು, ಕೆಪಾಸಿಟರ್‌ನ ಒಳಬೆಸುಗೆಯೂ ಕೆಡುತ್ತದೆ. ಪರಿಹಾರ ಅಗ್ಗದ್ದೇ ಇದೆ: ತಲಾ 47 ಕಿಲೋಓಮ್, 5 ವ್ಯಾಟಿನ ಎರಡು ರೆಸಿಸ್ಟರ್‌ಗಳನ್ನು ಒಂದರ ಹಿಂದೊಂದು ಸೇರಿಸಿ ಡಬ್ಬಿಯ ಎರಡು ಟರ್ಮಿನಲ್‌ಗಳ ನಡುವೆ ಕಾಯಂ ಕೂರಿಸುವುದು. ಆಗ 587 ವೋಲ್ಟ್ ಸುಮಾರು 20 ಸೆಕೆಂಡಿನಲ್ಲಿ 75ಕ್ಕೆ ಇಳಿಯುತ್ತದೆ. ಪವರ್ ಕೆಪಾಸಿಟರ್‌ಗಳ ಐಇಸಿ 60831 ಮಾನದಂಡ ಅದಕ್ಕೆ ಕೊಡುವ ಅವಧಿ 3 ನಿಮಿಷ. ರೆಸಿಸ್ಟರನ್ನು ಬಟನ್ನಿನ ಆಚೆ ಬದಿಗೆ ಜೋಡಿಸಿದರೆ ಬಟನ್ ಬಿಟ್ಟೊಡನೆ ಅದೂ ಕಳಚಿಕೊಳ್ಳುತ್ತದೆ. ರೆಸಿಸ್ಟರ್ ಸುಟ್ಟಿದ್ದರೆ ಹೊರಗಿನಿಂದ ಗೊತ್ತಾಗದ ಕಾರಣ, ಮುಟ್ಟುವ ಮೊದಲು ಮಲ್ಟಿಮೀಟರಿನಲ್ಲಿ ಅಳೆಯಬೇಕು, ಅದೂ ಡಿಸಿ ಗುರುತಿಗೆ ತಿರುಗಿಸಿ. ಎಸಿಯಲ್ಲಿಟ್ಟರೆ ತುಂಬಿದ ಡಬ್ಬಿಯೂ ಸೊನ್ನೆ ತೋರಿಸಬಹುದು.