ಹಸಿರು ತ್ರಿಕೋನ ಅಳೆಯದ್ದು

ಕುಮಟಾದಲ್ಲೋ ಹೊನ್ನಾವರದಲ್ಲೋ ಗೊಬ್ಬರದಂಗಡಿಗೆ ಹೋಗಿ ಮ್ಯಾಂಕೋಜೆಬ್ ಎಂಬ ಬೂಸ್ಟುನಾಶಕದ ಪೊಟ್ಟಣ ತಿರುವಿ ನೋಡಿ. ಅದರ ಮೇಲೊಂದು ಹಸಿರು ತ್ರಿಕೋನವಿರುತ್ತದೆ. ವಿಷದ ತೀವ್ರತೆ ತಿಳಿಸುವ ಕೆಂಪು, ಹಳದಿ, ನೀಲಿ, ಹಸಿರು ಈ ನಾಲ್ಕರಲ್ಲಿ ತೀರ ಸೌಮ್ಯವಾದದ್ದು ಹಸಿರು. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಬೇಕಾದರೆ ಕಿಲೋ ದೇಹತೂಕಕ್ಕೆ 5000 ಮಿಲಿಗ್ರಾಂಗಿಂತ ಹೆಚ್ಚು ತಿನ್ನಿಸಬೇಕು ಎಂಬುದಷ್ಟೇ ಅದರರ್ಥ. ಸಾಯದೆ ಉಳಿದ ಇಲಿ ಆಮೇಲೆ ಮರಿ ಹಾಕಿತೇ ಎಂಬುದು ಆ ಲೆಕ್ಕದಲ್ಲಿಲ್ಲ.

ಶಿರಸಿಯ ಕಡೆ ಹುಟ್ಟಿ ಕುಮಟಾದ ಬಳಿ ಕಡಲು ಸೇರುವ ಅಘನಾಶಿನಿಯ ಕೊಳ್ಳದಲ್ಲಿ ಅಡಿಕೆಯಿದ್ದಲ್ಲೆಲ್ಲ ಕೊಳೆರೋಗದ ಭಯವಿದೆ. ಹಿಂದೆ ಅಡಿಕೆಗೊನೆಗೆ ಮುಚ್ಚಿಗೆಯಾಗಿ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ರೋಗದ ಮೂಲ ಹುಡುಕಿ, 1910ರಲ್ಲಿ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಬಳಕೆಗೆ ತಂದರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ನಮ್ಮ ಕಡೆಯ ತೋಟಗಳಿಗೂ ಅದು ಬಂತು, ಇವತ್ತಿಗೂ ಇದೆ. ಮ್ಯಾಂಕೋಜೆಬ್ 1960ರ ದಶಕದ ಕೂಸು. ಮೆಟಲಾಕ್ಸಿಲ್ ಜತೆ ಬೆರೆಸಿ ಕೊಳೆಗೆ ಹೊಡೆಯುತ್ತಾರೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಹರಡಿದ ಮೇಲೆ ಪ್ರೊಪಿಕೊನಜೋಲ್ ಎಂಬ ಇನ್ನೊಂದು ಬೂಸ್ಟುನಾಶಕ ಕೂಡ ತೋಟದ ಮಾತಾಯಿತು.

ತ್ರಿಕೋನ ಕೇಳದ ಪ್ರಶ್ನೆಯನ್ನು ಕೇಳಿದವರು ನಮಗೆ ದೂರದವರೇನಲ್ಲ. ಈ ಕರಾವಳಿಯ ಪದವಿ ಕಾಲೇಜುಗಳು ಯಾವ ವಿಶ್ವವಿದ್ಯಾಲಯದ ಕೆಳಗಿವೆಯೋ ಅದೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಬಿ. ಬಿ. ಕಲಿವಾಳ ಮತ್ತು ಸಂಗಡಿಗರು ಮ್ಯಾಂಕೋಜೆಬ್ ಹಿಂದೆ ಬಿದ್ದರು. 2000ದಲ್ಲಿ ಪ್ರಕಟವಾದ ಅವರ ಪ್ರಯೋಗವೊಂದು ನನಗೆ ಬಹಳ ಇಷ್ಟ. ಇಲಿಯ ಒಂದು ಅಂಡಾಶಯ ತೆಗೆದರೆ ಉಳಿದದ್ದು ಉಬ್ಬಿ ಎರಡರ ಹೊರೆಯನ್ನೂ ಹೊರುತ್ತದೆ, ಅದಕ್ಕೆ ಪಿಟ್ಯುಟರಿ ಗ್ರಂಥಿಯ ಹಾರ್ಮೋನೇ ಅಪ್ಪಣೆ. ಮ್ಯಾಂಕೋಜೆಬ್ ತಿಂದ ಇಲಿಗಳಲ್ಲಿ ಆ ಉಬ್ಬುವಿಕೆಗೆ ತಡೆ ಬಿತ್ತು. ಮರುವರ್ಷದ ಪ್ರಬಂಧದಲ್ಲಿ ಬಹುಕಾಲ ಮದ್ದು ತಿಂದ ಹೆಣ್ಣಿಲಿಗಳ ಋತುಚಕ್ರ ಏರುಪೇರಾಯಿತು, ಆರೋಗ್ಯವಂತ ಅಂಡಕೋಶಿಕೆಗಳು ಕಡಿಮೆಯಾಗಿ ಕ್ಷೀಣಿಸಿದಂಥವು ಹೆಚ್ಚಾದವು. ಆಮೇಲೆ ಚಿಕ್ಕ ಜಾತಿಯ ಬಿಳಿ ಇಲಿಗಳ ಸರದಿ: 2002ರಲ್ಲಿ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದಕ್ಕೇ ಅಡ್ಡಿಯಾಗುವುದು ಕಂಡಿತು, 2003ರಲ್ಲಿ ಗಂಡಿಲಿಗಳ ವೃಷಣದ ಮೇಲಿನ ಪರಿಣಾಮ. ಈ ಕೆಲಸಕ್ಕೊಂದು ಮಿತಿಯಿದೆ. ಹಾರ್ಮೋನಿನ ಏರುಪೇರನ್ನು ಹೆಚ್ಚಾಗಿ ಅಂಗದ ತೂಕ, ಕೋಶಗಳ ಎಣಿಕೆಯಿಂದ ಊಹಿಸಿದ್ದಾರೆ. ಕೊಟ್ಟ ಪ್ರಮಾಣವೂ ತೋಟಿಗನ ಮೈಗೆ ತಾಗುವುದಕ್ಕಿಂತ ಬಲು ಹೆಚ್ಚು.

ಮದ್ದು ಕೆಡುಕು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹಲವು ಕಡೆಯಿಂದ ಬಂತು. ಇಟಲಿಯ ಲಾಕ್ವಿಲಾದ ಗುಂಪು 2006ರಲ್ಲಿ ಇಲಿಯ ಅಂಡಾಣುಗಳನ್ನೇ ಹೊರತೆಗೆದು ಮ್ಯಾಂಕೋಜೆಬ್‌ಗೆ ಒಡ್ಡಿತು. ವರ್ಣತಂತುಗಳನ್ನು ಹಂಚುವ ಕದಿರಿನಂಥ ರಚನೆ ಕೆಟ್ಟು ಫಲೀಕರಣ ಕುಗ್ಗಿತು. ಮ್ಯಾಂಕೋಜೆಬ್ ಒಡೆದು ಉಂಟಾಗುವ ಎಥಿಲೀನ್ ಥಯೋಯೂರಿಯಾ ಥೈರಾಯ್ಡ್ ಗ್ರಂಥಿಯಲ್ಲಿ ಹಾರ್ಮೋನ್ ತಯಾರಾಗುವುದಕ್ಕೇ ತಡೆ ಒಡ್ಡುತ್ತದೆ ಎಂಬುದು ಅದಕ್ಕೂ ಹಳೆಯ ತಿಳಿವಳಿಕೆ. ಪ್ರೊಪಿಕೊನಜೋಲ್ ಕಥೆ ಇನ್ನೂ ಸ್ವಾರಸ್ಯ. ಬೂಸ್ಟಿನ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಕಟ್ಟುವ ಕಿಣ್ವವನ್ನು ಅದು ಹಿಡಿದು ನಿಲ್ಲಿಸುತ್ತದೆ. ಟೆಸ್ಟೋಸ್ಟಿರಾನನ್ನು ಈಸ್ಟ್ರೋಜನ್ ಮಾಡುವ ಅರೋಮಟೇಸ್ ಕಿಣ್ವವೂ ಅದೇ ಮನೆತನದ್ದು. ಬೂಸ್ಟಿಗೂ ನಮಗೂ ಅಷ್ಟು ಹತ್ತಿರದ ನೆಂಟಸ್ತಿಕೆ ಇರಬೇಕೆಂದು ಯಾರು ಎಣಿಸಿದ್ದರು!

ಈ ಬಗೆಯ ಪುರಾವೆಗಳ ಮೇಲೆ ಯುರೋಪ್ ಒಕ್ಕೂಟ 2018ರಲ್ಲಿ ಪ್ರೊಪಿಕೊನಜೋಲ್ ಅನುಮತಿಯನ್ನೂ 2020ರ ಡಿಸೆಂಬರಿನಲ್ಲಿ ಮ್ಯಾಂಕೋಜೆಬ್ ಅನುಮತಿಯನ್ನೂ ನವೀಕರಿಸಲಿಲ್ಲ. ಅದೇ 2020ರ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ 27 ಪೀಡೆನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿದಾಗ ಅದರಲ್ಲೂ ಮ್ಯಾಂಕೋಜೆಬ್ ಇತ್ತು. 2023ರ ಅಂತಿಮ ಆದೇಶದಲ್ಲಿ ಮಾತ್ರ ಮ್ಯಾಂಕೋಜೆಬ್ ಪೂರ್ತಿ ನಿಷೇಧವಾಗಲಿಲ್ಲ.

ಇಲಿಯಿಂದ ಮನುಷ್ಯನವರೆಗಿನ ದಾರಿಯಲ್ಲೂ ಕೆಲವು ಹೆಜ್ಜೆ ಬಿದ್ದಿವೆ. 2010ರಲ್ಲಿ ಅಮೆರಿಕದ ಅಯೋವಾ, ನಾರ್ತ್ ಕೆರೊಲಿನಾದ ಕೃಷಿಕರ ಹೆಂಡತಿಯರ ಅಧ್ಯಯನದಲ್ಲಿ ಮ್ಯಾಂಕೋಜೆಬ್ ಗುಂಪಿನ ಮದ್ದು ಬಳಸಿದವರಲ್ಲಿ ಥೈರಾಯ್ಡ್ ಕುಗ್ಗುವಿಕೆ ಹೆಚ್ಚಾಗಿ ಕಂಡಿತು. ಕೋಸ್ಟರಿಕಾದಲ್ಲಿ ವಿಮಾನದಿಂದ ಮ್ಯಾಂಕೋಜೆಬ್ ಹೊಡೆಯುವ ಬಾಳೆತೋಟಗಳಿಗೆ ಹತ್ತಿರವಿದ್ದ ಗರ್ಭಿಣಿಯರ ಮೂತ್ರದಲ್ಲಿ ಎಥಿಲೀನ್ ಥಯೋಯೂರಿಯಾ ಹೆಚ್ಚಿತ್ತು. ನಮ್ಮಲ್ಲಿ ವಿಮಾನವಿಲ್ಲ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಇದ್ದಾನೆ. ಮರ ಹತ್ತುವವರು ಸಿಗದ ಕಡೆ ಈಗ ಫೈಬರ್ ದೋಟಿ ಬಂದಿದೆ. ಧಾರವಾಡದ ಇಲಿಗೆ ಮದ್ದನ್ನು ಬಾಯಿಂದ ಕುಡಿಸಿದ್ದರು. ದೋಟಿ ಹಿಡಿದವನು ಮುಖ ಮೇಲೆತ್ತಿ ಕೊನೆ ನೋಡುತ್ತ ಹೊಡೆಯುತ್ತಾನೆ, ಮದ್ದು ತುಂತುರಾಗಿ ಅವನ ಮೇಲೇ ಇಳಿಯುತ್ತದೆ. ಸಂಜೆ ಆ ಅಂಗಿಯನ್ನು ಒಗೆಯುವುದು ಅವನ ಹೆಂಡತಿ.