ಜನವರಿ ಒಂದರ ಪಟ್ಟಿ

1983ರಲ್ಲಿ ವಿಯೆನ್ನಾದ ಇಂಪೀರಿಯಲ್ ಹೋಟೆಲಿನಲ್ಲಿ ಇಬ್ಬರು ವಿಜ್ಞಾನಿಗಳು ಭೇಟಿಯಾದರು. ಒಬ್ಬರು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ, 1974ರ ಪೋಖ್ರಾನ್ ಸ್ಫೋಟದ ಮುಂದಾಳು, ಪಿಯಾನೋ ನುಡಿಸುತ್ತಿದ್ದ ಸಂಗೀತಪ್ರಿಯ. ಇನ್ನೊಬ್ಬರು ಪಾಕಿಸ್ತಾನದ ಅಣುಶಕ್ತಿ ಆಯೋಗದ ಮುಖ್ಯಸ್ಥ ಮುನೀರ್ ಅಹ್ಮದ್ ಖಾನ್. ಕಹೂಟಾದ ಮೇಲೆ ನೀವು ದಾಳಿ ಮಾಡಿದರೆ ನಾವು ಟ್ರಾಂಬೆಯ ಮೇಲೆ ಮಾಡದೆ ಬೇರೆ ದಾರಿಯಿಲ್ಲ, ಇದನ್ನು ನಿಮ್ಮ ಪ್ರಧಾನಿಗೆ ತಿಳಿಸಿ ಎಂದು ಅಂದು ಹೇಳಿದ್ದಾಗಿ ಮುನೀರ್ ಖಾನರೇ ಮುಂದೆ ವಿವರಿಸಿದ್ದಾರೆ. ಕಹೂಟಾ ಇಸ್ಲಾಮಾಬಾದಿನ ಹತ್ತಿರ ಯುರೇನಿಯಂ ಸಂವರ್ಧನೆ ನಡೆಯುವ ಜಾಗ. ಟ್ರಾಂಬೆ ಮುಂಬಯಿಯೊಳಗೇ ಇದೆ.

ಗದಗ ಜಿಲ್ಲೆಯ ಯಳವತ್ತಿಯಂಥ ಊರಿನಲ್ಲಿ ಕೂತು ಇತಿಹಾಸ ಕಲಿಸಿದ ನನಗೆ ಈ ಪ್ರಸಂಗ ಯಾವ ಯುದ್ಧದ ಕಥೆಗಿಂತಲೂ ದೊಡ್ಡದಾಗಿ ಕಂಡಿದೆ. ನಡೆಯದೇ ಹೋದ ಯುದ್ಧಕ್ಕೆ ಪಠ್ಯಪುಸ್ತಕದಲ್ಲಿ ಪುಟ ಸಿಗುವುದಿಲ್ಲ.

ಆಗ ದಾಳಿಯ ಭಯ ಗಾಳಿಮಾತಾಗಿರಲಿಲ್ಲ. 1981ರ ಜೂನ್ 7ರಂದು ಇಸ್ರೇಲಿನ ವಿಮಾನಗಳು ಬಾಗ್ದಾದಿನ ಹತ್ತಿರದ ಒಸಿರಾಕ್ ರಿಯಾಕ್ಟರನ್ನು ಕೆಡವಿದ್ದವು. ಇಂಧನ ತುಂಬುವ ಮೊದಲೇ ಬಿದ್ದದ್ದರಿಂದ ವಿಕಿರಣ ಹರಡಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹನ್ನೆರಡೇ ದಿನದಲ್ಲಿ ಈ ದಾಳಿಯನ್ನು ಖಂಡಿಸಿತು. ಆದರೂ ಕೆಲಸ ಒಂದೇ ಹೊಡೆತಕ್ಕೆ ಮುಗಿಯಿತೆಂದು ಹಲವರು ನಂಬಿದರು. ಮುಗಿದಿರಲಿಲ್ಲ. ಸದ್ದಾಂ ಹುಸೇನ್ ತಾನೇ ಬಂಧನದಲ್ಲಿಟ್ಟಿದ್ದ ವಿಜ್ಞಾನಿ ಜಾಫರ್ ಧಿಯಾ ಜಾಫರರನ್ನು ಅದೇ ವರ್ಷ ಬಿಡುಗಡೆ ಮಾಡಿ, ಗುಟ್ಟಾಗಿ ಯುರೇನಿಯಂ ಸಂವರ್ಧಿಸುವ ಕೆಲಸಕ್ಕೆ ಹಚ್ಚಿದ. ಅದರ ಪೂರ್ತಿ ವಿಸ್ತಾರ ಹೊರಬಿದ್ದದ್ದು 1991ರ ಕೊಲ್ಲಿ ಯುದ್ಧದ ನಂತರ. ಕಣ್ಣಿಗೆ ಕಾಣುತ್ತಿದ್ದ ಒಂದು ಕಟ್ಟಡ ಹೋಗಿ, ಕಾಣದ ಹಲವು ಕಟ್ಟಡಗಳು ಎದ್ದಿದ್ದವು.

ಭಾರತ, ಪಾಕಿಸ್ತಾನ ಬೇರೆ ದಾರಿ ಹಿಡಿದವು. 1985ರ ಡಿಸೆಂಬರಿನಲ್ಲಿ ರಾಜೀವ್ ಗಾಂಧಿ ಮತ್ತು ಜಿಯಾ ಉಲ್ ಹಕ್ ಬಾಯಿಮಾತಿನಲ್ಲಿ ಒಪ್ಪಿದರು. 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ಸಹಿ ಬಿತ್ತು. 1991ರ ಜನವರಿ 27ರಂದು ಒಪ್ಪಂದ ಜಾರಿಗೆ ಬಂತು. ಒಬ್ಬರ ಅಣುಕೇಂದ್ರಕ್ಕೆ ಇನ್ನೊಬ್ಬರು ಹಾನಿ ಮಾಡಬಾರದು, ಮಾಡುವವರಿಗೆ ಕುಮ್ಮಕ್ಕೂ ಕೊಡಬಾರದು. ಪ್ರತಿ ಜನವರಿ 1ಕ್ಕೆ ತಮ್ಮ ಕೇಂದ್ರಗಳು ಯಾವ ಅಕ್ಷಾಂಶ, ರೇಖಾಂಶದಲ್ಲಿವೆ ಎಂಬುದನ್ನು ಪರಸ್ಪರ ತಿಳಿಸಬೇಕು. ಮೊದಲ ಪಟ್ಟಿ 1992ರಲ್ಲಿ ಕೈಬದಲಾಯಿತು. ಕಾರ್ಗಿಲ್ ಯುದ್ಧ ಅದನ್ನು ನಿಲ್ಲಿಸಲಿಲ್ಲ. ಸಂಸತ್ತಿನ ಮೇಲಿನ ದಾಳಿಯ ನಂತರ ಸೈನ್ಯಗಳು ಗಡಿಯಲ್ಲಿ ಎದುರುಬದುರು ನಿಂತಾಗಲೂ ಪಟ್ಟಿ ಹೋಯಿತು, ಬಂತು.

ವಿದ್ಯುತ್ ರಿಯಾಕ್ಟರುಗಳೂ ಒಪ್ಪಂದದ ವ್ಯಾಖ್ಯೆಯೊಳಗೆ ಬರುತ್ತವೆ. ಅಂದಮೇಲೆ ಕಾಳಿ ದಂಡೆಯ ಕೈಗಾ ಕೂಡ ಅದರ ರಕ್ಷಣೆಯಲ್ಲಿದೆ. ಇದರ ಬೆಲೆ ನನಗೆ ಚೆನ್ನಾಗಿ ತಟ್ಟಿದ್ದು 2025ರ ಮೇ ತಿಂಗಳಲ್ಲಿ. ಆಪರೇಷನ್ ಸಿಂಧೂರದ ಹೊತ್ತಿಗೆ, ಪಾಕಿಸ್ತಾನದ ಕಿರಾನಾ ಬೆಟ್ಟದ ಅಣು ದಾಸ್ತಾನಿಗೆ ಏಟು ಬಿದ್ದಿದೆ ಎಂಬ ಸುದ್ದಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಅಲ್ಲಿ ನಾವು ದಾಳಿ ಮಾಡಿಲ್ಲ ಎಂದು ನಮ್ಮ ವಾಯುಪಡೆಯೇ ಹೇಳಿತು. ವಿಕಿರಣ ಸೋರಿಲ್ಲ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಹೇಳಿತು. ಆದರೆ ನನ್ನ ಹಳೇ ವಿದ್ಯಾರ್ಥಿಯೊಬ್ಬ ಹಿಗ್ಗಿನಿಂದ ಆ ಸುದ್ದಿ ತೋರಿಸಲು ಬಂದವನು ತಟ್ಟನೆ ಕೇಳಿದ: "ಸರ್, ಅವ್ರು ತಿರುಗಿ ನಮ್ಮ ಕೈಗಾಕ್ಕ ಹಾಕಿದ್ರ ಆ ವಿಷ ನಮ್ಮೂರ ತನಕ ಬರತೈತೇನ್ರಿ?"

ನಾನು ಕಪ್ಪತಗುಡ್ಡದ ಕಡೆ ಕೈ ತೋರಿಸಿದೆ. ಆ ಗುಡ್ಡಸಾಲಿನ ಗಾಳಿಯಂತ್ರಗಳನ್ನು ಆಷಾಢದಲ್ಲಿ ತಿರುಗಿಸುವುದು ಪಡುವಣ ಗಾಳಿ. ಕೈಗಾ ಇರುವುದೂ ಪಡುವಣಕ್ಕೇ, ನೇರ ಅಳೆದರೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಗಾಳಿ ತಂದದ್ದನ್ನು ಮಳೆ ಇಳಿಸುತ್ತದೆ. ಎರೆಹೊಲದಿಂದ ಮೇವಿಗೆ, ಮೇವಿನಿಂದ ಎಮ್ಮೆಗೆ, ಎಮ್ಮೆಯಿಂದ ಕೂಸಿನ ಹಾಲಿಗೆ ಬರುತ್ತದೆ. 1986ರಲ್ಲಿ ಚೆರ್ನೋಬಿಲ್ ಸುತ್ತಲಿನ ಮಕ್ಕಳಿಗೆ ಅಯೋಡಿನ್ ವಿಕಿರಣ ತಲುಪಿದ್ದು ಬಹುಮಟ್ಟಿಗೆ ಹಾಲಿನ ದಾರಿಯಲ್ಲೇ. ಹುಡುಗ ಮೊಬೈಲ್ ಜೇಬಿಗೆ ಹಾಕಿಕೊಂಡ. ಕಹೂಟಾದ ಪಕ್ಕದಲ್ಲೂ ಇಂಥವೇ ಹೊಲ, ಇಂಥವೇ ಕೂಸುಗಳಿವೆ ಎಂದು ಅವನಿಗೆ ಹೇಳಿದೆ. ಅದನ್ನು ಹೇಳದೆ ಬಿಡುವುದು ಮಾಸ್ತರನ ಕೆಲಸವಲ್ಲ.

ಒಂದು ತಿಂಗಳು ಕಳೆದ ಬೆನ್ನಿಗೇ ಇರಾನಿನ ಸುದ್ದಿ ಬಂತು. ಜೂನ್ 13ಕ್ಕೆ ಇಸ್ರೇಲ್ ದಾಳಿ ಶುರುಮಾಡಿತು. 22ಕ್ಕೆ ಅಮೆರಿಕದ ಬಿ-2 ವಿಮಾನಗಳು ಬೆಟ್ಟದೊಳಗಿನ ಫೋರ್ದೊ ಮತ್ತು ನತಾಂಜ್ ಅಣುಕೇಂದ್ರಗಳ ಮೇಲೆ ಭಾರಿ ಬಾಂಬುಗಳನ್ನು ಹಾಕಿದವು, ಇಸ್ಫಹಾನಿಗೆ ಕ್ಷಿಪಣಿಗಳು ಬಿದ್ದವು. ಗೌರಿಬಿದನೂರು ತಾಲ್ಲೂಕಿನ ಅಲಿಪುರದ ಮನೆಗಳಲ್ಲಿ, ಓದಲು, ಯಾತ್ರೆಗೆ ಇರಾನಿಗೆ ಹೋದ ತಮ್ಮವರ ಫೋನಿಗಾಗಿ ಜನ ಕಾದರು. ದಾಳಿಗೆ ಮೊದಲು ಇರಾನಿನಲ್ಲಿ ಶೇಕಡಾ 60ರಷ್ಟು ಸಂವರ್ಧಿಸಿದ ಸುಮಾರು 440 ಕಿಲೋ ಯುರೇನಿಯಂ ಇದೆಯೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ಲೆಕ್ಕ ಇಟ್ಟಿದ್ದರು. ಜುಲೈನಲ್ಲಿ ಇರಾನ್ ತಪಾಸಣೆಗೆ ಸಹಕಾರ ನಿಲ್ಲಿಸಿತು, ತಪಾಸಕರು ದೇಶ ಬಿಟ್ಟರು, ಆ ದಾಸ್ತಾನು ಲೆಕ್ಕದಿಂದ ಹೊರಗಾಯಿತು. ಒಸಿರಾಕಿನ ಕಥೆ ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ, ಆತಂಕ ಮಾತ್ರ ಇದೆ.

ನಮ್ಮ ಒಪ್ಪಂದ ಬಾಂಬುಗಳನ್ನು ಕಡಿಮೆ ಮಾಡಲಿಲ್ಲ. 1998ರಲ್ಲಿ ಎರಡೂ ದೇಶಗಳು ಪರೀಕ್ಷೆ ಮಾಡಿದವು. ಅದು ಕಾದದ್ದು ಕೇಂದ್ರಗಳ ಸುತ್ತಲಿನ ಜನರನ್ನು. ಸಿಂಧೂ ನೀರಿನ ಒಪ್ಪಂದವನ್ನು ಭಾರತ ತಡೆಹಿಡಿದ ಮೇಲೆ, ವಿಮಾನಗಳಿಗೆ ಪರಸ್ಪರರ ಆಕಾಶ ಮುಚ್ಚಿದ ಮೇಲೆ ಇದೂ ಮುರಿಯಬಹುದೆಂದು ನಾನು ಹೆದರಿದ್ದೆ. ಆದರೆ 2026ರ ಜನವರಿ 1ರಂದು ದೆಹಲಿ, ಇಸ್ಲಾಮಾಬಾದುಗಳಲ್ಲಿ ಎರಡೂ ಕಡೆಯವರು ಸತತ 35ನೇ ಬಾರಿಗೆ ಪಟ್ಟಿ ಬದಲಿಸಿಕೊಂಡರು.