ಸಂರಕ್ಷಿತ ನೈಸರ್ಗಿಕ ಪ್ರದೇಶಗಳ ನಿರ್ವಹಣೆಯಲ್ಲಿ ಭೂವೈಜ್ಞಾನಿಕ ನಕ್ಷೆಗಳ ಉಪಯೋಗ

ಭೂವೈಜ್ಞಾನಿಕ ನಕ್ಷೆಯು ಒಂದು ಪ್ರದೇಶದಲ್ಲಿನ ಶಿಲೆಗಳ ವಿಧ, ಅವುಗಳ ಹರವು ಹಾಗೂ ಸ್ತರಭಂಗಗಳನ್ನು ತೋರಿಸುತ್ತದೆ. 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1:50,000 ಪ್ರಮಾಣದ ನಕ್ಷೆಗಳನ್ನು 'ಭೂಕೋಶ್' ಜಾಲತಾಣದಲ್ಲಿ ಒದಗಿಸಿರುತ್ತದೆ.

ರಾಮನಗರದ ರಾಮದೇವರಬೆಟ್ಟವು ಇವುಗಳ ಉಪಯೋಗಕ್ಕೆ ಉತ್ತಮ ನಿದರ್ಶನವಾಗಿದೆ. ಇಲ್ಲಿನ ಬೆಟ್ಟಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟ್ ಶಿಲೆಯಿಂದಾಗಿವೆ. ರಾಮನಗರದ ಹಿಂದಿನ ಹೆಸರಿನಿಂದ ಈ ಶಿಲೆಗೆ 'ಕ್ಲೋಸ್‌ಪೇಟ್ ಗ್ರಾನೈಟ್' ಎಂಬ ಹೆಸರು ಬಂದಿದೆ. ಇದರ ಕಡಿದಾದ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದರಿಂದ 2012ರಲ್ಲಿ ಈ ಪ್ರದೇಶವನ್ನು ರಣಹದ್ದು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಈ ಪಕ್ಷಿಯು ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಕಡಿದ ಮರದ ಸ್ಥಳದಲ್ಲಿ ಸಸಿ ನೆಡಬಹುದು; ಒಡೆದ ಬಂಡೆಯನ್ನು ಪುನಃ ನಿರ್ಮಿಸಲಾಗದು. ಕಲ್ಲುಗಣಿಗಾರಿಕೆಗೂ ಬೇಡಿಕೆಯಿರುವುದು ಇದೇ ಶಿಲೆಗೆ. ಆದುದರಿಂದ ಶಿಲಾನಕ್ಷೆ, ಗೂಡುಗಳ ವಿವರ ಮತ್ತು ಅರಣ್ಯ ಗಡಿ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಪರಿಶೀಲಿಸುವುದು ಅವಶ್ಯಕ.

ಅರ್ಜಿದಾರರ ಗಮನಕ್ಕೆ:

1. ಸರ್ವೋಚ್ಚ ನ್ಯಾಯಾಲಯದ ದಿನಾಂಕ 26-04-2023ರ ಆದೇಶದಂತೆ ರಾಷ್ಟ್ರೀಯ ಉದ್ಯಾನ ಹಾಗೂ ವನ್ಯಜೀವಿಧಾಮಗಳಲ್ಲಿ ಮತ್ತು ಅವುಗಳ ಗಡಿಯಿಂದ 1 ಕಿ.ಮೀ. ಅಂತರದೊಳಗೆ ಗಣಿಗಾರಿಕೆಗೆ ಅವಕಾಶವಿರುವುದಿಲ್ಲ.

2. 1:50,000 ನಕ್ಷೆಯಲ್ಲಿ 1 ಕಿ.ಮೀ. ದೂರವು ಕೇವಲ 2 ಸೆಂ.ಮೀ. ಆಗಿರುತ್ತದೆ. ಆದ್ದರಿಂದ ಜಮೀನಿನ ನಿಖರ ಅಂತರವನ್ನು ಸ್ಥಳದ ಅಳತೆಯಿಂದಲೇ ದೃಢಪಡಿಸಿಕೊಳ್ಳತಕ್ಕದ್ದು.

3. ನಕ್ಷೆಯಲ್ಲಿ ಗ್ರಾನೈಟ್ ಇದೆಯೆಂದು ತೋರಿಸಿದ ಮಾತ್ರಕ್ಕೆ ಅದನ್ನು ಗಣಿಗಾರಿಕೆಗೆ ದೊರೆತ ಅನುಮತಿಯೆಂದು ಭಾವಿಸತಕ್ಕದ್ದಲ್ಲ.

4. ಅರ್ಜಿ ಶುಲ್ಕ ಪಾವತಿಸುವ ಮೊದಲೇ ಸರ್ವೆ ನಂಬರಿನೊಂದಿಗೆ ಅರಣ್ಯ ಇಲಾಖೆಯಲ್ಲಿ ಗಡಿಯ ಮಾಹಿತಿ ಪಡೆಯುವುದರಿಂದ ಅರ್ಜಿದಾರರ ಹಣ ಹಾಗೂ ಸಮಯ ಉಳಿಯುತ್ತದೆ.